ತೀರ್ಪಿನೊಳಗೆ ಸಿನಿಮಾ ಡೈಲಾಗು, ಕಗ್ಗ, ಕಾಮಿಕ್ಸ್: ಎಲ್ಲಿ ಹೊಂದುತ್ತೆ, ಎಲ್ಲಿ ಕೆಡಿಸುತ್ತೆ?

ಶಿರಾಗೇಟ್, ತುಮಕೂರು

ಎಲ್ಲರಿಗೂ ನಮಸ್ಕಾರ. ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಗೆ ತೀರ್ಪು ಬರೆಯೋದನ್ನ ಅಭ್ಯಾಸ ಮಾಡ್ತಿರೋರ ನಡುವೆ ಒಂದು ಚರ್ಚೆ ಎದ್ದಿದೆ, ಬಗೆಹರೀತಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಸ್ಪೈಡರ್‌ಮ್ಯಾನ್ ಕಾಮಿಕ್ಸಿನ ಸಾಲನ್ನ ತೀರ್ಪಿನಲ್ಲೇ ಹಾಕಿದೆಯಂತೆ. ನಮ್ಮ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಗಾಲಿಬ್, ಷೇಕ್ಸ್‌ಪಿಯರ್ ಬರೋದು ಎಲ್ಲರಿಗೂ ಗೊತ್ತು. ಹಾಗಿದ್ದ ಮೇಲೆ ಕನ್ನಡದಲ್ಲಿ ಬರೆಯೋ ತೀರ್ಪಿಗೆ ಕಗ್ಗ, ಸರ್ವಜ್ಞ, ಡಾ. ರಾಜ್ ಸಿನಿಮಾದ ಮಾತು ಹಾಕಿದ್ರೆ ತಪ್ಪೇನು?

ಅಭ್ಯಾಸಕ್ಕೆ ಇಟ್ಕೊಂಡಿರೋದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಚೆಕ್ ಬೌನ್ಸ್ ಕೇಸು. ಫಿರ್ಯಾದಿ ಟೊಮೆಟೊ ಮಂಡಿಯವರು, ಆರೋಪಿ ಅಲ್ಲಿಗೆ ಮಾಲು ಹಾಕ್ತಿದ್ದ ರೈತ. ಮುಂಗಡ ಕೊಟ್ಟಿದ್ದು ವಾಪಸ್ ಬಂದಿಲ್ಲ ಅಂತ ಫಿರ್ಯಾದು. ಚೆಕ್ ಭದ್ರತೆಗೆ ಅಂತ ಕೊಟ್ಟಿದ್ದು, ಮಾಲಿನ ಪಟ್ಟಿಯಲ್ಲೇ ಮುಂಗಡ ಮುರ್ಕೊಂಡಾಗಿದೆ ಅಂತ ಆರೋಪಿ. ತೀರ್ಪಿನ ಮೊದಲ ಸಾಲಿಗೆ ಸರ್ವಜ್ಞನ "ಸಾಲವನು ಕೊಂಬಾಗ ಹಾಲೋಗರುಂಡಂತೆ" ತ್ರಿಪದಿ ಹಾಕಬೇಕು ಅಂತ ಒಬ್ಬರು, ಬೇಡವೇ ಬೇಡ ಅಂತ ಇನ್ನೊಬ್ಬರು.

ಇಂಥ ಉಲ್ಲೇಖಕ್ಕೆ ಕಾನೂನಿನಲ್ಲಿ ಬೆಲೆ ಏನಾದ್ರೂ ಇದೆಯಾ? ಹಾಕೋದಾದ್ರೆ ಎಲ್ಲಿ, ಹೇಗೆ? ಯಾವ ಯಾವ ಕಡೆ ಎಡವಟ್ಟಾಗಿದೆ? ತಿಳಿದೋರು ದಯವಿಟ್ಟು ಉದಾಹರಣೆ ಸಮೇತ ಹೇಳಿ.

ಅಂತರಗಂಗೆ, ಕೋಲಾರ

ಮೊದಲು ನಿಮ್ಮ ಮಂಡಿ ಕೇಸನ್ನೇ ನೋಡೋಣ, ಉತ್ತರ ಅಲ್ಲೇ ಇದೆ.

ಆ ತ್ರಿಪದಿ ಏನು ಹೇಳುತ್ತೆ? ಸಾಲ ತಗೊಳ್ಳುವಾಗ ಹಾಲು ಅನ್ನ ಉಂಡ ಹಾಗೆ, ಸಾಲಿಗರು ಬಂದು ಎಳೆಯುವಾಗ ಕಿಬ್ಬದಿಯ ಕೀಲು ಮುರಿದ ಹಾಗೆ. ಪದ್ಯ ಸೊಗಸಾಗಿದೆ. ಆದರೆ ಅದರೊಳಗೆ ಸಾಲ ಇದ್ದೇ ಇದೆ. ನಿಮ್ಮ ಕೇಸಿನಲ್ಲಿ ತೀರ್ಮಾನ ಆಗಬೇಕಾದ ಒಂದನೇ ಅಂಶವೇ "ವಸೂಲಿಗೆ ಅರ್ಹವಾದ ಸಾಲ ಬಾಕಿ ಇತ್ತೇ" ಅನ್ನೋದು. ಚೆಕ್ ಕೊಟ್ಟಿದ್ದು ಸಾಲ ತೀರಿಸೋಕೇ ಅಂತ ಭಾವಿಸಬೇಕು ಅನ್ನೋ 139ನೇ ಕಲಮಿನ ಪೂರ್ವಭಾವನೆ ಫಿರ್ಯಾದಿ ಪರ ಇದೆ, ನಿಜ. ನಮ್ಮ ರಾಜ್ಯದಿಂದಲೇ ಹೋದ ರಂಗಪ್ಪ ವಿರುದ್ಧ ಶ್ರೀ ಮೋಹನ್ (2010) ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಪೂರ್ವಭಾವನೆ ಸಾಲದ ಅಸ್ತಿತ್ವಕ್ಕೂ ಅನ್ವಯಿಸುತ್ತೆ ಅಂತ ಹೇಳಿದೆ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ: ಆರೋಪಿ ಅದನ್ನ ಸಾಧ್ಯತೆಗಳ ತೂಕದ ಮೇಲೆ ಕೆಡವಬಹುದು, ಅದಕ್ಕೆ ಫಿರ್ಯಾದಿಯದೇ ದಾಖಲೆಗಳು ಸಾಕಾಗಬಹುದು. ಇಲ್ಲಿ ಮಂಡಿ ಪಟ್ಟಿಗಳು ಅಂಥ ದಾಖಲೆ. ಅವನ್ನ ನೋಡೋ ಮೊದಲೇ ತೀರ್ಪಿನ ತಲೆಯ ಮೇಲೆ ಸಾಲಗಾರನ ಪದ್ಯ ಕೂತ್ರೆ, ಆರೋಪಿ ಮೊದಲ ಸಾಲಿನಲ್ಲೇ ಸೋತ ಹಾಗೆ ಓದುತ್ತೆ. ಅಪೀಲಿನಲ್ಲಿ "ಮನಸ್ಸು ಮೊದಲೇ ಗಟ್ಟಿಯಾಗಿತ್ತು" ಅಂತ ವಾದಿಸೋಕೆ ಎದುರು ವಕೀಲರಿಗೆ ಅದಕ್ಕಿಂತ ಒಳ್ಳೆ ಆಧಾರ ಬೇಕಿಲ್ಲ.

ಈಗ ಸ್ಪೈಡರ್‌ಮ್ಯಾನ್. ಪ್ರಕರಣ ಕಿಂಬಲ್ ವಿರುದ್ಧ ಮಾರ್ವೆಲ್, 2015. ಅಂಗೈಯಿಂದ ನೊರೆಯ ದಾರ ಚಿಮ್ಮಿಸೋ ಆಟಿಕೆಗೆ ಒಬ್ಬರು 1991ರಲ್ಲಿ ಪೇಟೆಂಟ್ ಪಡೆದಿದ್ದರು. ಮಾರ್ವೆಲ್ ಕಂಪನಿ ಸುಮಾರು ಐದು ಲಕ್ಷ ಡಾಲರ್ ಕೊಟ್ಟು, ಮುಂದಿನ ಮಾರಾಟದ ಮೇಲೆ ಶೇ 3 ರಾಯಲ್ಟಿಗೂ ಒಪ್ಪಿಕೊಂಡಿತ್ತು. ಪೇಟೆಂಟಿನ ಅವಧಿ 2010ರಲ್ಲಿ ಮುಗೀತು. ಮುಗಿದ ಮೇಲೂ ರಾಯಲ್ಟಿ ಕೊಡಬೇಕಾ? ಬೇಡ ಅಂತ ಬ್ರುಲಾಟ್ ವಿರುದ್ಧ ಥೈಸ್ (1964) ಹೇಳಿತ್ತು, ಆ ಹಳೆ ತೀರ್ಪನ್ನ ತಿರುಗಿಸಿ ಅಂತ ಸಂಶೋಧಕರ ಕೋರಿಕೆ. 6-3 ಬಹುಮತದಲ್ಲಿ ನ್ಯಾಯಮೂರ್ತಿ ಎಲೆನಾ ಕೇಗನ್ ನಿರಾಕರಿಸಿದರು. ಹಳೆ ತೀರ್ಪನ್ನ ತಿರುಗಿಸೋ ಅಧಿಕಾರ ನಮಗಿದೆ, ಆದರೆ ಅದನ್ನ ಮಿತವಾಗಿ ಬಳಸಬೇಕು ಅಂತ ಕಾರಣ ಪೂರ್ತಿ ಹೇಳಿ ಮುಗಿಸಿದ ಜಾಗದಲ್ಲಿ, ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯೂ ಬರಲೇಬೇಕು ಅನ್ನೋ ಸಾಲು ಬರುತ್ತೆ.

ಗಮನಿಸಬೇಕಾದ್ದು ಮೂರು. ವ್ಯಾಜ್ಯದ ವಸ್ತುವೇ ಸ್ಪೈಡರ್‌ಮ್ಯಾನ್ ಆಟಿಕೆ, ಸಾಲನ್ನ ಹೊರಗಿನಿಂದ ತಂದು ಅಂಟಿಸಿಲ್ಲ. ಆ ಸಾಲನ್ನ ತೆಗೆದುಹಾಕಿದ್ರೂ ಕಾರಣದ ಒಂದು ಇಟ್ಟಿಗೆಯೂ ಅಲ್ಲಾಡಲ್ಲ. ಮತ್ತೆ ಅದು ಸೋತವರನ್ನ ಕುರಿತು ಹೇಳಿದ್ದಲ್ಲ, ನ್ಯಾಯಾಲಯ ತನ್ನ ಅಧಿಕಾರದ ಬಗ್ಗೆ ತಾನೇ ಹೇಳಿಕೊಂಡಿದ್ದು. ಮೂರನೆಯದೇ ನನ್ನ ಪ್ರಕಾರ ಮುಖ್ಯ.

ಅದೇ ವರ್ಷ ಯೇಟ್ಸ್ ವಿರುದ್ಧ ಅಮೆರಿಕ ಪ್ರಕರಣದಲ್ಲಿ ಕೇಗನ್ ಅವರೇ ಡಾ. ಸ್ಯೂಸ್ ಬರೆದ 1960ರ ಮಕ್ಕಳ ಪುಸ್ತಕವೊಂದನ್ನ ಉಲ್ಲೇಖಿಸಿದರು. ಅಳತೆಗಿಂತ ಚಿಕ್ಕ ಮೀನು ಹಿಡಿದ ದೋಣಿಯವನು ಅದನ್ನ ನೀರಿಗೆ ಎಸೆಸಿದ್ದ. ದಾಖಲೆ ಅಥವಾ "ಮುಟ್ಟಬಹುದಾದ ವಸ್ತು" ನಾಶ ಮಾಡೋದನ್ನ ಅಪರಾಧ ಮಾಡಿದ ಕಾನೂನಿಗೆ ಮೀನು ಸೇರುತ್ತಾ ಅನ್ನೋದು ಪ್ರಶ್ನೆ. ಮೀನು ವಸ್ತುವೇ ಅಂತ ಹೇಳಿ, ಪಕ್ಕದಲ್ಲಿ ಮೀನಿನ ಹೆಸರಿನ ಮಕ್ಕಳ ಪುಸ್ತಕ. ಪದಕ್ಕೆ ಜನಬಳಕೆಯ ಅರ್ಥ ಏನು ಅನ್ನೋ ವಾದಕ್ಕೆ ಅದು ಚೆನ್ನಾಗಿ ಹೊಂದಿತು. ಆದರೂ ಅದು ಭಿನ್ನಮತದ ತೀರ್ಪು. 5-4ರಲ್ಲಿ ಮೀನುಗಾರನೇ ಗೆದ್ದ. ಸೊಗಸಾದ ಉಲ್ಲೇಖ ಇದ್ದ ಮಾತ್ರಕ್ಕೆ ಅದು ಕಾನೂನು ಅಂತ ಪರೀಕ್ಷೆಯಲ್ಲಿ ಬರೆದುಬಿಡಬೇಡಿ.

ಎಡವಟ್ಟಿಗೆ ಉದಾಹರಣೆ ಕೇಳಿದ್ರಿ. ಪಾಕಿಸ್ತಾನದ ಆಗಿನ ಪ್ರಧಾನಿ ನವಾಜ್ ಷರೀಫ್ ವಿರುದ್ಧದ ಪನಾಮಾ ಪ್ರಕರಣದ 2017ರ ಏಪ್ರಿಲ್ 20ರ ತೀರ್ಪಿನಲ್ಲಿ ನ್ಯಾಯಮೂರ್ತಿ ಆಸಿಫ್ ಸಯೀದ್ ಖೋಸಾ ಶುರು ಮಾಡಿದ್ದೇ ಮಾರಿಯೊ ಪುಜೊ ಅವರ 1969ರ 'ಗಾಡ್‌ಫಾದರ್' ಕಾದಂಬರಿಯಿಂದ. ಪ್ರತಿ ದೊಡ್ಡ ಸಂಪತ್ತಿನ ಹಿಂದೆ ಒಂದು ಅಪರಾಧವಿದೆ ಅನ್ನೋ ಬಾಲ್ಜಾಕ್ ಹೆಸರಿನ ಮಾತು. ಅವತ್ತು ಪೀಠ 3-2 ಆಗಿತ್ತು, ಅವರದು ಅಲ್ಪಮತ. ಬಹುಮತ ಹೇಳಿದ್ದು 60 ದಿನದ ಜಂಟಿ ತನಿಖೆ. ಆದರೆ ಜನರ ಬಾಯಲ್ಲಿ ಉಳಿದದ್ದು ಗಾಡ್‌ಫಾದರ್ ಒಂದೇ. ತನಿಖೆ ಇನ್ನೂ ಆಗಬೇಕಿದ್ದ ಹಂತದಲ್ಲಿ ಎದುರಿನ ಕಕ್ಷಿದಾರನನ್ನ ಮಾಫಿಯಾ ಕಥೆಯ ಪಕ್ಕ ನಿಲ್ಲಿಸಿದ ಹಾಗಾಯ್ತು. ನಿಮ್ಮ ಮಂಡಿ ಕೇಸಿನ ತ್ರಿಪದಿಗೂ ಇದಕ್ಕೂ ದೋಷ ಒಂದೇ ಜಾತಿಯದು.

ಇನ್ನು ಆ ಬಾಲ್ಜಾಕ್ ಮಾತು. ಅವರ ಕಾದಂಬರಿಯಲ್ಲಿ ಇರೋದು ಬೇರೆ: ಕಾರಣ ಕಾಣದ ದೊಡ್ಡ ಸಂಪತ್ತಿನ ಗುಟ್ಟು ಅಂದ್ರೆ ಅಚ್ಚುಕಟ್ಟಾಗಿ ಮಾಡಿದ್ದರಿಂದ ಮರೆತುಹೋದ ಅಪರಾಧ ಅಂತ. "ಕಾರಣ ಕಾಣದ" ಅನ್ನೋ ಷರತ್ತು ಅಲ್ಲಿದೆ. 'ಗಾಡ್‌ಫಾದರ್' ಪುಸ್ತಕದ ಆರಂಭದ ಸಾಲಾಗಿ ಬಂದಾಗ ಷರತ್ತು ಬಿದ್ದುಹೋಗಿ "ಪ್ರತಿ" ಬಂದು ಕೂತಿದೆ. ನ್ಯಾಯದ ಲೆಕ್ಕದಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಕೋಲಾರದ ಸರ್ ಹೇಳಿದ್ದಕ್ಕೆ ಕನ್ನಡದ ಕಡೆಯಿಂದ ಸೇರಿಸ್ತೀನಿ. ಉಲ್ಲೇಖ ತಪ್ಪೋದು ಹೆಚ್ಚಾಗಿ ನೆನಪಿನಿಂದ ಬರೆದಾಗ.

ಪೂರ್ವನಿದರ್ಶನದ ಬಗ್ಗೆ ಬರೆಯುವಾಗ ಎಲ್ಲರಿಗೂ ನೆನಪಾಗೋದು ಮುಳಬಾಗಿಲಿನ ಡಿವಿಜಿಯವರ ಕಗ್ಗ. ಬಾಯಲ್ಲಿ ಬರೋದು "ಹಳೆ ಬೇರು ಹೊಸ ಚಿಗುರು". ಪುಸ್ತಕದಲ್ಲಿ ಇರೋದು "ಹೊಸ ಚಿಗುರು ಹಳೆ ಬೇರು ಕೂಡಿರಲು ಮರಸೊಬಗು". ಅರ್ಥ ಒಂದೇ ಅಂತ ಬಿಡೋ ಹಾಗಿಲ್ಲ. ಉದ್ಧರಣ ಚಿಹ್ನೆಯೊಳಗೆ ಹಾಕಿದ ಮೇಲೆ ಅದು ಅಕ್ಷರಶಃ ಇರಬೇಕು. ಸಾಕ್ಷಿಯ ಹೇಳಿಕೆಯನ್ನ ಹಿಂದುಮುಂದು ಮಾಡಿ ಉದ್ಧರಿಸಿದ್ರೆ ಒಪ್ತೀವಾ?

"ಕಾಯಕವೇ ಕೈಲಾಸ" ಇನ್ನೊಂದು. ಕಾರ್ಮಿಕರ ಕೇಸು, ಪಿಂಚಣಿ ಕೇಸು ಅಂದ್ರೆ ಸಾಕು, ಬಸವಣ್ಣನವರ ಹೆಸರಲ್ಲಿ ಬರುತ್ತೆ. ಆ ಮಾತು ಇರೋದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ, ಅಂಕಿತ ಅಮರೇಶ್ವರಲಿಂಗ. ವಚನಕ್ಕೆ ಪರೀಕ್ಷೆ ಸುಲಭ, ಅಂಕಿತ ನೋಡಿ. ಕೂಡಲಸಂಗಮದೇವ ಇಲ್ಲದಿದ್ದರೆ ಬಸವಣ್ಣನವರದು ಅಂತ ಬರೆಯೋ ಮುಂಚೆ ನಿಲ್ಲಿ. ರಾಜ್ಯ ಸರ್ಕಾರ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಹುಡುಕಿ, ಸಂಪುಟ ಮತ್ತು ವಚನ ಸಂಖ್ಯೆ ಎರಡನ್ನೂ ಹಾಕಿ. ಸರ್ವಜ್ಞನ ತ್ರಿಪದಿಗೆ ಅಂಕಿತದ ಪರೀಕ್ಷೆ ಸಾಲದು, ಕೊನೆಗೆ ಸರ್ವಜ್ಞ ಅಂತ ಸೇರಿಸಿ ಯಾರು ಬೇಕಾದ್ರೂ ಬರೆದಿರಬಹುದು. ಪಾಠವೂ ಒಂದೊಂದು ಮುದ್ರಣದಲ್ಲಿ ಒಂದೊಂದು ಥರ. ಉತ್ತಂಗಿ ಚೆನ್ನಪ್ಪನವರ ಸಂಗ್ರಹವೋ ಬೇರೆಯದೋ, ಯಾವ ಆವೃತ್ತಿ ಅಂತ ಹೆಸರಿಸಲೇಬೇಕು. ಕಗ್ಗದ ಪದ್ಯಗಳಿಗೆ ಸಂಖ್ಯೆ ಇದೆ, ಒಟ್ಟು 945. ಸಂಖ್ಯೆ ಕೊಟ್ಟರೆ ಓದೋರು ಅರ್ಧ ನಿಮಿಷದಲ್ಲಿ ತಾಳೆ ನೋಡಬಹುದು.

ಕೇಗನ್ ಅವರ ತೀರ್ಪಿನಲ್ಲಿ ಈ ಶಿಸ್ತು ಕಾಣುತ್ತೆ. ಜನ ಆ ಸಾಲನ್ನ ಸ್ಪೈಡರ್‌ಮ್ಯಾನ್ ಆಗೋ ಹುಡುಗ ಪೀಟರ್ ಪಾರ್ಕರನ ಚಿಕ್ಕಪ್ಪನ ಬಾಯಿಗೆ ಹಾಕಿ, ಒಂದೆರಡು ಪದ ಕಡಿಮೆ ಮಾಡಿ ಹೇಳ್ತಾರೆ. 1962ರ 'ಅಮೇಜಿಂಗ್ ಫ್ಯಾಂಟಸಿ' ಕಾಮಿಕ್ಸಿನ 15ನೇ ಸಂಚಿಕೆಯಲ್ಲಿ ಅದು ನಿರೂಪಕನ ಮಾತು, ಕೊನೆಯ ಚೌಕದಲ್ಲಿದೆ. ತೀರ್ಪಿನಲ್ಲಿ ಆ ಸಂಚಿಕೆ, ವರ್ಷ, ಲೇಖಕ ಮತ್ತು ಚಿತ್ರಕಾರ ಇಬ್ಬರ ಹೆಸರು, "ಬರಲೇಬೇಕು" ಅನ್ನೋ ಒತ್ತು ಸಮೇತ ಇದೆ. ಪೇಟೆಂಟ್ ಪ್ರಕರಣದ ಪೂರ್ವನಿದರ್ಶನಕ್ಕೆ ಕೊಟ್ಟಷ್ಟೇ ಎಚ್ಚರ ಕಾಮಿಕ್ಸಿಗೂ.

ಸಿನಿಮಾ ಡೈಲಾಗಿಗೆ ಬಂದ್ರೆ, ಡಾ. ರಾಜ್ ಹೇಳಿದ್ದು ಅಂತ ಬರೆಯೋದು ಸರಿಯಲ್ಲ. ಪಾತ್ರ ಹೇಳಿದ್ದು, ಬರೆದವರು ಸಂಭಾಷಣೆಕಾರರು. ಚಿತ್ರದ ಹೆಸರು, ವರ್ಷ, ಸಂಭಾಷಣೆಕಾರರ ಹೆಸರು, ದೃಶ್ಯ ಬರೋ ಗಂಟೆ ನಿಮಿಷ, ಇಷ್ಟು ಇರಲಿ. ಹಾಡಾದ್ರೆ ಗೀತರಚನೆಕಾರರು, ಗಾಯಕರಲ್ಲ. ಕಾದಂಬರಿ ಆಧರಿಸಿದ ಚಿತ್ರವಾದ್ರೆ ಆ ಮಾತು ಕಾದಂಬರಿಯಲ್ಲಿ ಇದೆಯೋ, ಚಿತ್ರಕ್ಕೆ ಸೇರಿಸಿದ್ದೋ ಅಂತಲೂ ನೋಡಬೇಕು.

ಕೃತಿಸ್ವಾಮ್ಯದ ಭಯ ಬೇಡ. ಡಿವಿಜಿ ತೀರಿಕೊಂಡದ್ದು 1975, ಅವರ ಕೃತಿಗಳ ಹಕ್ಕು 60 ವರ್ಷದ ಲೆಕ್ಕದಲ್ಲಿ 2035ರ ಕೊನೆಯವರೆಗೂ ಇರುತ್ತೆ. ಆದರೆ ನ್ಯಾಯಾಲಯದ ನಡವಳಿಗಾಗಿ ಮಾಡೋ ಪುನರುತ್ಪಾದನೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಡಿ) ವಿನಾಯಿತಿ ಕೊಡುತ್ತೆ.

ಶಿರಾಗೇಟ್, ತುಮಕೂರು

ತುಂಬಾ ಧನ್ಯವಾದ ಸರ್, ಮೇಡಂ. ಇನ್ನೆರಡು ಸಂದೇಹ. ಸಾಹಿತ್ಯ, ಕಲೆ ವಿಷಯದಲ್ಲಿ ಕೋರ್ಟು ಪುಸ್ತಕ ನೋಡಬಹುದು ಅಂತ ಸಾಕ್ಷ್ಯ ಕಾಯ್ದೆಯಲ್ಲೇ ಇದೆಯಲ್ಲ, ಅದನ್ನ ಆಧಾರ ಮಾಡ್ಕೊಳ್ಳಬಹುದಾ? ಮತ್ತೆ ಪುರಾಣದ ಪ್ರಸಂಗ ಹೇಳಿದ್ರೆ ಹಳ್ಳಿಯ ಕಕ್ಷಿದಾರರಿಗೂ ತಟ್ಟನೆ ಅರ್ಥ ಆಗುತ್ತೆ, ಅದನ್ನೂ ಬಿಡಬೇಕಾ?

ಗುಬ್ಬಿ ಸಂತೆ, ತುಮಕೂರು ಜಿಲ್ಲೆ

ಹಳೆ ಸಾಕ್ಷ್ಯ ಕಾಯ್ದೆಯ 57ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 52. ಸಾರ್ವಜನಿಕ ಇತಿಹಾಸ, ಸಾಹಿತ್ಯ, ವಿಜ್ಞಾನ, ಕಲೆ ಇವುಗಳ ವಿಷಯ ಬಂದಾಗ ನ್ಯಾಯಾಲಯ ಸೂಕ್ತ ಪುಸ್ತಕ, ಆಕರಗಳ ನೆರವು ಪಡೆಯಬಹುದು ಅಂತ ಅಲ್ಲಿದೆ. ಅಂದ್ರೆ ಒಂದು ವಚನದ ಪಾಠ ಏನು, ಒಂದು ಪದಕ್ಕೆ ಜನಬಳಕೆಯಲ್ಲಿ ಅರ್ಥ ಏನು ಅಂತ ತಿಳಿಯೋಕೆ ನಿಘಂಟು, ಸಂಪುಟ ತೆಗೀಬಹುದು. ಸಾಲ ಪಡೆದವರು ಹೀಗೇ ನಡ್ಕೊಳ್ತಾರೆ ಅನ್ನೋದಕ್ಕೆ ತ್ರಿಪದಿ, ಅತ್ತೆ ಸೊಸೆ ಹೀಗೇ ಇರ್ತಾರೆ ಅನ್ನೋದಕ್ಕೆ ಸಿನಿಮಾ, ಇವು ಪುರಾವೆ ಆಗಲ್ಲ. ಈ ಗೆರೆ ದಾಟಿದ್ರೆ ದಾಖಲೆಯಲ್ಲಿ ಇಲ್ಲದ ಸಾಕ್ಷ್ಯದ ಮೇಲೆ ತೀರ್ಪು ಬರೆದ ಹಾಗೆ.

ಪುರಾಣದ ವಿಷಯಕ್ಕೆ ನಮ್ಮ ಹೈಕೋರ್ಟಿನದೇ ಉದಾಹರಣೆ ಇದೆ. 2021ರಲ್ಲಿ ಮಗುವಿನ ಪಾಲನೆಯ ಪ್ರಕರಣ. ಹೆತ್ತ ತಾಯಿ ಒಬ್ಬರು, ಮಗುವನ್ನ ಸಾಕಿದವರು ಇನ್ನೊಬ್ಬರು. ಸಾಕಿದ ತಾಯಿಯ ಪರ ವಕೀಲರು ದೇವಕಿ, ಯಶೋದೆಯರ ಪ್ರಸಂಗ ತಂದರು. ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅದನ್ನ ಒಪ್ಪಲಿಲ್ಲ. ಇತಿಹಾಸ, ಪುರಾಣಗಳ ಬಿಡಿ ಪ್ರಸಂಗಗಳು ಸಾಮಾನ್ಯವಾಗಿ ನ್ಯಾಯನಿರ್ಣಯಕ್ಕೆ ದಾರಿ ತೋರಿಸೋ ತತ್ತ್ವಗಳಾಗಲ್ಲ ಅನ್ನೋದು ಅವರ ಮಾತಿನ ಸಾರ. ಕಾರಣ ಯೋಚನೆ ಮಾಡಿ. ಯಶೋದೆಯ ಹೆಸರು ಬಂದ ಕೂಡಲೇ ಕೇಳೋರ ಮನಸ್ಸು ಒಂದು ಕಡೆ ವಾಲುತ್ತೆ. ಆ ಕಥೆಯಲ್ಲಿ ಮಗು ಕಳವಾಗಿರಲಿಲ್ಲ, ತಂದೆಯೇ ತಂದು ಬಿಟ್ಟದ್ದು. ಈ ಕೇಸಿನಲ್ಲಿ ಮಗು ಕಳವಾಗಿತ್ತು. ಪ್ರಸಂಗ ಎಷ್ಟು ಪರಿಚಿತವೋ, ವ್ಯತ್ಯಾಸ ಮರೆಯೋದೂ ಅಷ್ಟೇ ಸುಲಭ. ಹಳ್ಳಿಯವರಿಗೆ ತಟ್ಟನೆ ಅರ್ಥ ಆಗುತ್ತೆ ಅಂದ್ರಲ್ಲ, ತಟ್ಟನೆ ಆಗೋದು ಕಥೆಯ ಅರ್ಥ, ಕೇಸಿನದಲ್ಲ.

ಈಗ ಇನ್ನೊಂದು ಬದಿ. ಜನಪ್ರಿಯ ಸಂಸ್ಕೃತಿ ಅಲಂಕಾರವಾಗಿ ಬರದೆ ವ್ಯಾಜ್ಯದ ವಾಸ್ತವಾಂಶವಾಗಿಯೇ ಬರೋ ಪ್ರಕರಣಗಳಿವೆ, ಅಲ್ಲಿ ನ್ಯಾಯಾಧೀಶರು ಅದನ್ನ ಬರೆಯಲೇಬೇಕು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣ ಆಯ್ತಲ್ಲ, ಅಪಹರಿಸಿದ ವೀರಪ್ಪನ್‌ನ ಸಹಚರರ ಮೇಲಿದ್ದ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೇಸುಗಳನ್ನ ಹಿಂಪಡೆಯೋಕೆ ಸರ್ಕಾರ ಮುಂದಾದಾಗ ಅಬ್ದುಲ್ ಕರೀಂ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯ್ತು. ಒಬ್ಬ ನಟನ ಮೇಲಿನ ಜನರ ಪ್ರೀತಿ, ಅದರಿಂದ ಶಾಂತಿ ಕದಡೋ ಭಯ, ಇವೇ ಸರ್ಕಾರದ ವಾದದ ಬುನಾದಿ. ಆ ಜನಪ್ರಿಯತೆಯನ್ನ ವಿವರಿಸದೆ ತೀರ್ಪು ಬರೆಯೋಕೇ ಆಗಲ್ಲ. ವಿವರಿಸಿದ ಮೇಲೂ 2000ದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೇಸು ಹಿಂಪಡೆಯೋಕೆ ಒಪ್ಪಲಿಲ್ಲ. ಜನಪ್ರಿಯತೆ ವಾಸ್ತವ, ಆದರೆ ಕೇಸು ಹಿಂಪಡೆಯೋದಕ್ಕೆ ಸಂಬಂಧಿಸಿದ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನ ಕೆಳಗೆ ಅದೊಂದೇ ಸಾಕಾಗಲ್ಲ. ಸಿನಿಮಾ ಲೋಕದ ಸಂಗತಿಯನ್ನ ಭಾವುಕತೆ ಇಲ್ಲದೆ ತೂಗೋದು ಹೇಗೆ ಅಂತ ಕಲಿಯೋಕೆ ಅದನ್ನ ಪೂರ್ತಿ ಓದಿ.

'ಶೋಲೆ' ಹೆಸರಿನ ಟ್ರೇಡ್‌ಮಾರ್ಕ್ ವ್ಯಾಜ್ಯ (ದೆಹಲಿ ಹೈಕೋರ್ಟ್, 2022) ಕೂಡ ಹೀಗೇ. ಚಿತ್ರದ ಹೆಸರು ಸಾಮಾನ್ಯ ಪದದ ಎಲ್ಲೆ ದಾಟಿದೆಯೇ ಅನ್ನೋದೇ ಪ್ರಶ್ನೆ, ಹೆಸರು ಬಳಸಿದವರ ಮೇಲೆ 25 ಲಕ್ಷ ರೂಪಾಯಿ ಬಿತ್ತು. ಅಂಗವಿಕಲರನ್ನ ಸಿನಿಮಾಗಳು ತೋರಿಸೋ ರೀತಿಯ ಬಗ್ಗೆ ನಿಪುಣ್ ಮಲ್ಹೋತ್ರಾ ಪ್ರಕರಣ (ಸುಪ್ರೀಂ ಕೋರ್ಟ್, 2024 ಜುಲೈ 8) ಇದೆ. ಅಂಗವೈಕಲ್ಯವನ್ನ ಅರ್ಥ ಮಾಡಿಸೋ ಹಾಸ್ಯ ಬೇರೆ, ಕುಗ್ಗಿಸೋ ಹಾಸ್ಯ ಬೇರೆ ಅಂತ ಅಲ್ಲಿ ವಿಂಗಡಣೆ ಇದೆ.

ನಮ್ಮ ಜಿಲ್ಲೆಗೆ ಹತ್ತಿರದ್ದು ಅಂದ್ರೆ ಶಿರಾ ತಾಲ್ಲೂಕಿನ ಬರಗೂರು ರಾಮಚಂದ್ರಪ್ಪನವರ ಹೆಸರಿನಲ್ಲೇ ವರದಿಯಾಗಿರೋ ಪ್ರಕರಣ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡಿಯಿತು. ಅದರ ಪಕ್ಕದಲ್ಲಿ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣ (2025 ಮಾರ್ಚ್ 28) ಇಟ್ಟು ಓದಿ. ಒಂದು ಕವಿತೆಯ ಮೇಲೆ ಹಾಕಿದ್ದ ಎಫ್‌ಐಆರ್ ಅಲ್ಲಿ ರದ್ದಾಯ್ತು. ಅಳತೆಗೋಲು ಗಟ್ಟಿ ಮನಸ್ಸಿನ ವಿವೇಕಿ ಓದುಗರು, ಎಲ್ಲದರಲ್ಲೂ ಅಪಾಯ ಕಾಣೋ ದುರ್ಬಲ ಮನಸ್ಸಿನವರಲ್ಲ ಅಂತ ಅಲ್ಲಿ ಮತ್ತೆ ಸ್ಪಷ್ಟ ಮಾಡಿದ್ದಾರೆ. ಕವಿತೆಯನ್ನ ಸಾಲು ಸಾಲಾಗಿ ಓದಿ ಅರ್ಥ ಹೇಳೋದು ಅಲ್ಲಿ ನ್ಯಾಯಾಧೀಶರ ಕೆಲಸದ ಭಾಗ. 138ರ ಕೇಸಿನಲ್ಲಿ ಅಲ್ಲ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಗುಬ್ಬಿಯವರ ಮಾತು ಒಪ್ಪಿದೆ, ಒಂದು ಕಡೆ ಬಿಟ್ಟು. ಅಲಂಕಾರ ಪೂರ್ತಿ ಬೇಡ ಅನ್ನೋ ಹಾಗೆ ಕೇಳಿಸ್ತು. ಇಂಗ್ಲಿಷ್ ತೀರ್ಪಿಗೆ ಷೇಕ್ಸ್‌ಪಿಯರ್ ಬಂದ್ರೆ ಘನತೆ, ಕನ್ನಡ ತೀರ್ಪಿಗೆ ಕಗ್ಗ ಬಂದ್ರೆ ಲಘು ಅನ್ನೋ ಭಾವನೆ ಬೆಳೀಬಾರದು. ಅರುಣಾ ಶಾನಭಾಗ್ ಪ್ರಕರಣದ ತೀರ್ಪು (2011) ಗಾಲಿಬನ ದ್ವಿಪದಿಯಿಂದ ಶುರುವಾಗುತ್ತೆ, ಸಾವಿಗಾಗಿ ಕಾಯ್ತಾ ಸಾಯೋ ಬಗ್ಗೆ. ನ್ಯಾಯಮೂರ್ತಿ ಕಾಟ್ಜು ಬರೆದದ್ದು. ದಶಕಗಳಿಂದ ಹಾಸಿಗೆ ಹಿಡಿದಿದ್ದ ಆ ನರ್ಸಿನ ಸ್ಥಿತಿಯ ಮುಂದೆ ಅದು ಯಾರನ್ನೂ ನೋಯಿಸಲ್ಲ, ಯಾರ ಪರವೂ ವಾಲಲ್ಲ. ಸಲಿಂಗ ಸಂಬಂಧವನ್ನ ಅಪರಾಧ ಅಂತಿದ್ದ 377ನೇ ಕಲಮಿನ ನವತೇಜ್ ಸಿಂಗ್ ಜೋಹರ್ ತೀರ್ಪಿನಲ್ಲಿ (2018) ಗಯಟೆ, ಷೇಕ್ಸ್‌ಪಿಯರ್ ಬರ್ತಾರೆ, ಲಿಯೊನಾರ್ಡ್ ಕೋಹೆನ್ ಹಾಡೂ ಬರುತ್ತೆ. ಇವು ಉಳಿದದ್ದು ಸೋತ ಪಕ್ಷವನ್ನ ಚುಚ್ಚದ ಕಾರಣಕ್ಕೆ.

ಅಂತರಗಂಗೆ, ಕೋಲಾರ

ಮೇಡಂ, ಕನ್ನಡಕ್ಕೆ ಕಡಿಮೆ ಘನತೆ ಅನ್ನೋ ಮಾತೇ ಇಲ್ಲ. ಆದರೆ ವಿಚಾರಣಾ ನ್ಯಾಯಾಲಯಕ್ಕೂ ಸಂವಿಧಾನ ಪೀಠಕ್ಕೂ ಕೆಲಸ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 20, ನಿಯಮ 4(2) ಕೇಳೋದು ಕೇಸಿನ ಸಂಕ್ಷಿಪ್ತ ವಿವರ, ತೀರ್ಮಾನಿಸಬೇಕಾದ ಅಂಶಗಳು, ಅವುಗಳ ಮೇಲಿನ ತೀರ್ಮಾನ, ಅದಕ್ಕೆ ಕಾರಣ. ಕ್ರಿಮಿನಲ್ ಕಡೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 393 ಕೂಡ ಇದರಲ್ಲಿ ಕೊನೆಯ ಮೂರನ್ನ ಕೇಳುತ್ತೆ. ಪರೀಕ್ಷೆಯಲ್ಲಿ ಅಂಕ ಬೀಳೋದೂ ಈ ನಾಲ್ಕಕ್ಕೇ. ಕಲ್ಕತ್ತಾ ಹೈಕೋರ್ಟಿನ ಒಂದು ತೀರ್ಪಿನಲ್ಲಿ ಹದಿಹರೆಯದವರಿಗೆ ಬುದ್ಧಿವಾದ ಬರೆದಿದ್ದನ್ನ ತೆಗೆದುಹಾಕುವಾಗ ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ನೇರವಾಗಿ ಹೇಳಿತು: ತೀರ್ಪು ಪ್ರಬಂಧವೂ ಅಲ್ಲ, ಸಾಹಿತ್ಯಕೃತಿಯೂ ಅಲ್ಲ. ಸ್ಟೇಟ್ ಬ್ಯಾಂಕ್ ವಿರುದ್ಧ ಅಜಯ್ ಕುಮಾರ್ ಸೂದ್ (2022) ಪ್ರಕರಣದಲ್ಲಿ ಪ್ಯಾರಾ ಸಂಖ್ಯೆ ಹಾಕೋದರಿಂದ ಹಿಡಿದು ತೀರ್ಪಿನ ರಚನೆಯ ಪಾಠವೇ ಇದೆ, ಅಭ್ಯಾಸಕ್ಕೆ ಅದನ್ನ ಇಟ್ಕೊಳ್ಳಿ.

ಇನ್ನೊಂದು ತೊಡಕು ಅನುವಾದ. ಕೆಳಗಿನ ಕೋರ್ಟಿನಲ್ಲಿ ಕನ್ನಡದಲ್ಲೇ ಬರೆದ್ರಿ. 348ನೇ ವಿಧಿ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷ್. ಅಪೀಲಿಗೆ ಹೋದ ತೀರ್ಪು ಅನುವಾದ ಆಗಿ ಪೇಪರ್‌ಬುಕ್ಕಿಗೆ (ಅಪೀಲಿನ ಕಡತಕ್ಕೆ) ಸೇರುತ್ತೆ. "ಹಾಲೋಗರುಂಡಂತೆ" ಅನ್ನೋದು ಇಂಗ್ಲಿಷಿಗೆ "ಹಾಲು ಅನ್ನ ತಿಂದಂತೆ" ಅಂತ ಹೋದಾಗ ಅಲ್ಲಿ ಓದೋರಿಗೆ ಅದು ಆರೋಪಿ ಸುಖಪಟ್ಟ ಅನ್ನೋ ವಾಸ್ತವಾಂಶದ ತೀರ್ಮಾನದ ಹಾಗೆ ಕಾಣಬಹುದು. ಪದ್ಯ ಅನ್ನೋ ಗುರುತೇ ಅಳಿಸಿಹೋಗುತ್ತೆ. ಹಾಕಲೇಬೇಕು ಅಂದ್ರೆ ಪದ್ಯವನ್ನ ಪ್ರತ್ಯೇಕ ಸಾಲಿನಲ್ಲಿ ಒಳಸರಿಸಿ, ಕೆಳಗೆ ಒಂದು ವಾಕ್ಯದಲ್ಲಿ ಗದ್ಯದ ಅರ್ಥ, ಆವೃತ್ತಿ, ಪುಟ ಕೊಡಿ. ಕಾರಣಗಳೆಲ್ಲ ಮುಗಿದ ಮೇಲೆ ಹಾಕಿ, ಮೊದಲಲ್ಲ.

ಬರವಣಿಗೆಯ ಆಟ ಜಾಸ್ತಿಯಾದ್ರೆ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನಲ್ಲಿ ಒಂದು ಉದಾಹರಣೆ ಇದೆ. 'ಡಾ ವಿಂಚಿ ಕೋಡ್' ಕಾದಂಬರಿಯ ಕೃತಿಸ್ವಾಮ್ಯದ ಕೇಸು, 2006ರ ಏಪ್ರಿಲ್ 7. ನ್ಯಾಯಮೂರ್ತಿ ಪೀಟರ್ ಸ್ಮಿತ್ ತೀರ್ಪಿನ ನಡುನಡುವೆ ಕೆಲವು ಅಕ್ಷರಗಳನ್ನ ಓರೆಯಾಗಿ ಮುದ್ರಿಸಿ ಗುಪ್ತಲಿಪಿಯನ್ನೇ ಹುದುಗಿಸಿಟ್ಟರು. ಮುಂದಿನ ವರ್ಷ ಅಪೀಲು ನ್ಯಾಯಾಲಯ ಫಲಿತಾಂಶ ಎತ್ತಿಹಿಡಿದರೂ, ತೀರ್ಪು ಓದೋಕೂ ಅರ್ಥ ಮಾಡ್ಕೊಳ್ಳೋಕೂ ಸುಲಭವಾಗಿಲ್ಲ, ಇನ್ನಷ್ಟು ಸಮಯ ತಗೊಂಡು ತಿದ್ದಬಹುದಿತ್ತು ಅಂತ ಬರೆಯಿತು.

ಗುಬ್ಬಿ ಸಂತೆ, ತುಮಕೂರು ಜಿಲ್ಲೆ

ವಕೀಲಿಕೆ ಕಡೆಯಿಂದ ಒಂದು ವಿಷಯ ಸೇರಿಸ್ತೀನಿ. ತೀರ್ಪಿನ ಉಲ್ಲೇಖದಿಂದ ಕಕ್ಷಿದಾರರ ಮಾನಕ್ಕೆ ಪೆಟ್ಟು ಬಿದ್ರೆ ಆ ಭಾಗವನ್ನ ಮಾತ್ರ ತೆಗೆಸೋಕೆ ದಾರಿ ಇದೆ. ಉತ್ತರ ಪ್ರದೇಶ ರಾಜ್ಯ ವಿರುದ್ಧ ಮೊಹಮ್ಮದ್ ನಯೀಂ (1964) ಮೂರು ಪ್ರಶ್ನೆ ಕೊಟ್ಟಿದೆ. ಆ ವ್ಯಕ್ತಿಗೆ ತನ್ನ ಮಾತು ಹೇಳೋ ಅವಕಾಶ ಇತ್ತೇ? ಆ ಟೀಕೆಗೆ ದಾಖಲೆಯಲ್ಲಿ ಸಾಕ್ಷ್ಯ ಇದೆಯೇ? ಕೇಸು ತೀರ್ಮಾನಕ್ಕೆ ಅದು ಅಗತ್ಯವಿತ್ತೇ? ಖಳನಾಯಕನ ಹೋಲಿಕೆ ಸಾಮಾನ್ಯವಾಗಿ ಮೂರನೆಯದರಲ್ಲೇ ಬಿದ್ದುಹೋಗುತ್ತೆ. ಹೆಣ್ಣುಮಕ್ಕಳ ಕೇಸುಗಳಲ್ಲಿ ಇನ್ನೂ ಎಚ್ಚರ ಬೇಕು. ತಾಳಿ, ತ್ಯಾಗ, ಕ್ಷಮಿಸೋ ತಾಯಿ, ಹೀಗೆ ಹಳೆ ಸಿನಿಮಾಗಳು ಕಟ್ಟಿದ ಚೌಕಟ್ಟಿನಲ್ಲಿ ಸಂತ್ರಸ್ತೆಯನ್ನ ಅಳೆಯೋದು ಅಪರ್ಣಾ ಭಟ್ (2021) ತೀರ್ಪಿಗೆ ನೇರ ವಿರುದ್ಧ.

ಹಾಗೇ ಯೂಟ್ಯೂಬಿನಲ್ಲಿ ಹರಿದಾಡೋ ಹೈಕೋರ್ಟ್ ಕಲಾಪದ ತುಣುಕುಗಳಲ್ಲಿ ಬರೋ ಮಾತನ್ನ ತೀರ್ಪು ಅಂತ ಉದ್ಧರಿಸಬೇಡಿ. ವಿಚಾರಣೆ ವೇಳೆ ಬಾಯಿಮಾತಿನಲ್ಲಿ ಹೇಳಿದ್ದು ತೀರ್ಪಿನ ಭಾಗ ಅಲ್ಲ ಅಂತ ಚುನಾವಣಾ ಆಯೋಗ ವಿರುದ್ಧ ವಿಜಯಭಾಸ್ಕರ್ (2021) ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಹಿಯಾದ ಪ್ರತಿ ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್‌ನಲ್ಲೋ, ಹೈಕೋರ್ಟಿನ ಜಾಲತಾಣದಲ್ಲೋ ಉಚಿತವಾಗಿ ಸಿಗುತ್ತೆ, ಅದರಲ್ಲಿ ಆ ಮಾತು ಇದೆಯಾ ನೋಡಿ.

ಶಿರಾಗೇಟ್, ತುಮಕೂರು

ತ್ರಿಪದಿ ತೆಗೆದು ಮೊದಲ ಪ್ಯಾರಾ ಹೀಗೆ ಬರೆದಿದೀವಿ, ನೋಡಿ ಹೇಳಿ:

"ಫಿರ್ಯಾದಿಯವರು ಟೊಮೆಟೊ ಮಂಡಿ ನಡೆಸುತ್ತಿದ್ದು, ಆರೋಪಿಯು ಅಲ್ಲಿಗೆ ಮಾಲು ಹಾಕುತ್ತಿದ್ದ ರೈತನಾಗಿದ್ದಾನೆ. ಚೆಕ್ಕಿನ ಮೇಲಿನ ಸಹಿ ತನ್ನದೆಂದು ಆರೋಪಿಯು ಒಪ್ಪಿದ್ದಾನೆ. ಮುಂಗಡದ ಬಾಕಿ ಉಳಿದಿತ್ತೇ, ಇಲ್ಲವೇ ಮಂಡಿ ಪಟ್ಟಿಗಳ ಮೂಲಕ ತೀರಿತ್ತೇ ಎಂಬುದೇ ಉಳಿದಿರುವ ವಿವಾದ."

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಚೆನ್ನಾಗಿದೆ. ಎರಡು ತಿದ್ದುಪಡಿ. ಸಹಿ ಒಪ್ಪಿದ್ದು ಎಲ್ಲಿ? ಪಾಟೀಸವಾಲಿನಲ್ಲೋ, ಬಿಎನ್‌ಎಸ್‌ಎಸ್ 351ರ ಹೇಳಿಕೆಯಲ್ಲೋ? ಪುಟ ಸಂಖ್ಯೆ ಸಮೇತ ಹಾಕಿ.

ಎರಡನೆಯದು, ಫಿರ್ಯಾದಿಗೆ "ಅವರು", ಆರೋಪಿಗೆ "ಆಗಿದ್ದಾನೆ, ಒಪ್ಪಿದ್ದಾನೆ". ತ್ರಿಪದಿ ಹೋದರೂ ಅದು ಮಾಡ್ತಿದ್ದ ಕೆಲಸವನ್ನ ಈ ಏಕವಚನ ಮಾಡ್ತಾ ಇದೆ. ಇಬ್ಬರಿಗೂ ಬಹುವಚನ ಇರಲಿ: "ರೈತರಾಗಿರುತ್ತಾರೆ", "ಒಪ್ಪಿರುತ್ತಾರೆ".